ವಿನ್ನಿ ಪಿಲ್ಲಿಂಗ್ ಮಲಗುವುದು ಯಾವ ಮನೆಯಲ್ಲಿ

ನಮ್ಮ ಹ್ಯಾಸಲ್ಡನ್ ಊರಿನಲ್ಲಿ ಯಾರು ಯಾವ ಮನೆಯಲ್ಲಿ ಮಲಗುತ್ತಾರೆ ಎಂಬುದು ದೇವರಿಗೆ ಗೊತ್ತು, ಬಿಟ್ಟರೆ ನನಗೆ ಗೊತ್ತು. ದೇವರು ಬಾಯಿ ಬಿಡುವುದಿಲ್ಲ. ನಾನು ಬಿಡುತ್ತೇನೆ, ಆದರೆ ಕೇಳಿದವರ ಮುಖ ನೋಡಿ ಬಿಡುತ್ತೇನೆ.

ಜನರನ್ನು ನಿದ್ದೆಯಿಂದ ಎಬ್ಬಿಸುವುದು ನನ್ನ ಕಸುಬು. ಹೆಸರು ಕೆಜಾಯಾ ಡಕ್‌ವರ್ತ್, ವಯಸ್ಸು ಅರವತ್ತೆರಡು. ಗಂಡ ಸತ್ತು ಮೂವತ್ತೊಂದು ವರ್ಷ, ಕೋಲು ಹಿಡಿದೂ ಮೂವತ್ತೊಂದು ವರ್ಷ. ಕೋಲೆಂದರೆ ಹದಿನಾಲ್ಕು ಅಡಿ ಬಿದಿರು, ತುದಿಗೆ ಮುರಿದ ಕೊಡೆಯ ನಾಲ್ಕು ತಂತಿ. ಬೆಳಗಿನ ಜಾವ ಐದಕ್ಕೆ ಹೊರಟು ಏಳರವರೆಗೆ ಬೀದಿ ಬೀದಿ ಸುತ್ತಿ ಮಹಡಿಯ ಕಿಟಕಿಗಳ ಗಾಜಿನ ಮೇಲೆ ಆ ತಂತಿ ಆಡಿಸುತ್ತೇನೆ. ಯಾರನ್ನು ಎಷ್ಟು ಹೊತ್ತಿಗೆ ಎಬ್ಬಿಸಬೇಕೆಂದು ಅವರವರೇ ಬಾಗಿಲ ಪಕ್ಕದ ಸ್ಲೇಟಿನಲ್ಲಿ ಬರೆದಿಡುತ್ತಾರೆ. ಒಳಗಿನಿಂದ ಒಂದು ಕೈ ಪರದೆ ಸರಿಸಿ ನನ್ನತ್ತ ಆಡಬೇಕು. ಕೈ ಕಾಣುವವರೆಗೂ ನಾನು ಜಾಗ ಬಿಟ್ಟು ಕದಲುವುದಿಲ್ಲ. ಈಗೀಗ ಅಲಾರಂ ಗಡಿಯಾರ ಬಂದಿದೆಯಂತೆ. ಬರಲಿ, ಯಾರು ಬೇಡವೆಂದರು? ಗಡಿಯಾರದ ತಲೆಯ ಮೇಲೆ ಕೈಯಿಟ್ಟರೆ ಸುಮ್ಮನಾಗುತ್ತದೆ. ನನ್ನ ತಲೆಯ ಮೇಲೆ ಕೈಯಿಟ್ಟು ಸುಮ್ಮನಾಗಿಸುವ ಗಂಡಸು ಹ್ಯಾಸಲ್ಡನ್‌ನಲ್ಲಿ ಇನ್ನೂ ಹುಟ್ಟಿಲ್ಲ.

ನಾನು ಹೇಳಹೊರಟಿರುವುದು ಹೋದ ಚಳಿಗಾಲದ, ಮೂವತ್ತೆರಡನೇ ಇಸವಿಯ ಮಾತು. ಊರಿನ ಹನ್ನೊಂದು ಬಟ್ಟೆ ಗಿರಣಿಗಳಲ್ಲಿ ಏಳರ ಚಿಮಣಿ ಆರಿಹೋಗಿತ್ತು. ನನ್ನ ಕೋಲಿಗೂ ಕೆಲಸ ಅರ್ಧವಾಗಿತ್ತು. ಕೆಲಸವಿಲ್ಲದವನನ್ನು ಎಬ್ಬಿಸಿ ಏನು ಮಾಡುವುದು? ಅವನು ಹೇಗೂ ಎದ್ದೇ ಇರುತ್ತಾನೆ.

ಕೆಲಸ ಹೋದವರಿಗೆ ಸರ್ಕಾರ ಇಪ್ಪತ್ತಾರು ವಾರ ಭತ್ಯೆ ಕೊಡುತ್ತಿತ್ತು. ಆಮೇಲೆ ‘ಅಳತೆ’ ಶುರು. ಕಾನೂನಿನಲ್ಲಿ ಅದಕ್ಕೆ ಮಾರುದ್ದದ ಹೆಸರಿದೆ, ನಮ್ಮ ಬಾಯಲ್ಲಿ ಅದು ಬರೀ ಅಳತೆ. ಪುರಸಭೆಯಿಂದ ಒಬ್ಬ ಬರುತ್ತಾನೆ. ಕುರ್ಚಿ ಎಷ್ಟು, ಮಂಚ ಎಷ್ಟು, ಗೋಡೆಯ ಗಡಿಯಾರ ನಡೆಯುತ್ತದೋ ಇಲ್ಲವೋ ಎಲ್ಲ ನೋಡುತ್ತಾನೆ. ಮನೆಯಲ್ಲಿ ಮಗನೋ ಮಗಳೋ ದುಡಿಯುತ್ತಿದ್ದರೆ ಅವರ ಕೂಲಿಯನ್ನು ಅಪ್ಪನ ಲೆಕ್ಕಕ್ಕೆ ಹಾಕಿ ಭತ್ಯೆಯನ್ನು ಕತ್ತರಿಸುತ್ತಾನೆ. ಟೆಂಟರ್ ಬೀದಿಯ ಹನ್ನೊಂದನೇ ನಂಬರಿನ ಈನಕ್ ಪಿಲ್ಲಿಂಗ್‌ಗೆ ಹಾಗೇ ಆಯಿತು.

ಈನಕ್ ಮೂವತ್ತಾರು ವರ್ಷ ಮಗ್ಗದ ಮುಂದೆ ನಿಂತ ನೇಕಾರ. ಹೆಂಡತಿ ತೀರಿಕೊಂಡಿದ್ದಳು, ಇದ್ದವಳು ಇಪ್ಪತ್ತೆರಡರ ಮಗಳು ವಿನ್ನಿ ಒಬ್ಬಳೇ. ಅವಳಿಗೆ ಮಾತ್ರ ಗಿರಣಿಯಲ್ಲಿ ಕೆಲಸ ಉಳಿದಿತ್ತು. ನಿನ್ನನ್ನು ಮಗಳೇ ಸಾಕಲಿ ಎಂದು ಹೇಳಿ ಅವನ ವಾರದ ಹದಿನೈದು ಶಿಲಿಂಗ್ ಮೂರು ಪೆನ್ನಿಯನ್ನು ಪೂರ್ತಿ ನಿಲ್ಲಿಸಿಬಿಟ್ಟರು. ಈನಕ್ ಜಗಳವಾಡಲಿಲ್ಲ. ಅವನು ಜಗಳವಾಡಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಅವನು ಊಟ ಬಿಟ್ಟ. ಸಂಜೆ ವಿನ್ನಿ ಬಂದು ತಟ್ಟೆ ಇಡುವ ಹೊತ್ತಿಗೆ ಟೋಪಿ ಹಾಕಿಕೊಂಡು ಕಾಲುವೆ ದಂಡೆಗೆ ನಡೆದುಬಿಡುತ್ತಿದ್ದ. ಹಿಡಿದು ಕೂರಿಸಿದರೆ ಒಂದು ಚೂರು ಬ್ರೆಡ್ಡು, ಅದಕ್ಕೆ ಸವರಿದ ಕೊಬ್ಬು, ಒಂದು ಲೋಟ ಟೀ, ಅಷ್ಟೇ. ಇನ್ನೊಂದು ಚೂರು ಎಂದರೆ ಹಸಿವಿಲ್ಲ ಎನ್ನುತ್ತಿದ್ದ. ನಾಲ್ಕು ತಿಂಗಳಲ್ಲಿ ಅವನ ಸೊಂಟದ ಪಟ್ಟಿಗೆ ಮೂರು ಹೊಸ ತೂತು ಬಿದ್ದವು. ಕ್ರಿಸ್‌ಮಸ್ ಕಳೆದ ಮೇಲೆ ಗುಡ್ಡದ ಮೇಲಿನ ದರಿದ್ರರ ಮನೆಗೆ ಹೋಗಿ ಸೇರಿಕೊಳ್ಳುತ್ತೇನೆ, ಮಗಳ ಅನ್ನ ತಿಂದು ಅವಳ ಕಾಲಿಗೆ ಕಲ್ಲಾಗುವುದಿಲ್ಲ ಎಂದು ಪಕ್ಕದ ಮನೆಯ ಜಿಲ್ಲಾಳಿಗೆ ಹೇಳಿದ್ದನಂತೆ. ಆ ಮನೆಗೆ ಹೋದ ಗಂಡಸರು ತಿರುಗಿ ಬಂದದ್ದನ್ನು ನಾನು ನೋಡಿಲ್ಲ.

ಜಿಲ್ಲಾ ಟ್ಯಾಟರ್‌ಸಾಲ್ ಒಂಬತ್ತನೇ ನಂಬರಿನ ವಿಧವೆ. ಗಾತ್ರ ದೊಡ್ಡದು, ಬಾಯಿ ಅದಕ್ಕಿಂತ ದೊಡ್ಡದು, ತಲೆ ಮಾತ್ರ ಸೂಜಿ. ಅವಳೇ ಉಪಾಯ ಹುಡುಕಿದ್ದು. ಕಾನೂನಿನ ಪ್ರಕಾರ ಮಗಳ ಕೂಲಿ ಲೆಕ್ಕಕ್ಕೆ ಬರುವುದು ಅವಳು ಅಪ್ಪನ ಮನೆಯಲ್ಲಿದ್ದರೆ. ಬೇರೆಯವರ ಮನೆಯಲ್ಲಿ ಬಾಡಿಗೆಗಿದ್ದರೆ ಬರುವುದಿಲ್ಲ. ಹಾಗಾದರೆ ವಿನ್ನಿ ನನ್ನ ಮನೆಯಲ್ಲಿ ಬಾಡಿಗೆಗಿರಲಿ ಎಂದಳು. ಅವರು ಚಾಪೆ ಕೆಳಗೆ ತೂರಿದರೆ ನಾವು ರಂಗೋಲಿ ಕೆಳಗೆ ತೂರಿದರಾಯಿತು. ಮರುದಿನವೇ ವಿನ್ನಿಯ ಸ್ಲೇಟು ಹನ್ನೊಂದರ ಗೋಡೆಯಿಂದ ಒಂಬತ್ತರ ಗೋಡೆಗೆ ಬಂತು. ‘ವಿ. ಪಿಲ್ಲಿಂಗ್, ಆರು ಗಂಟೆ.’ ಈನಕ್ ಹೊಸದಾಗಿ ಅರ್ಜಿ ಹಾಕಿದ.

ತೊಂದರೆ ಬಂದದ್ದು ನಿದ್ದೆಯಿಂದ. ಜಿಲ್ಲಾಳ ಮನೆಯಲ್ಲಿ ಮಲಗುವ ಕೋಣೆ ಒಂದೇ, ಅವಳ ಗೊರಕೆಯೋ ನಾಲ್ಕು ಮಗ್ಗ ಒಟ್ಟಿಗೆ ಓಡಿದ ಹಾಗೆ. ವಿನ್ನಿ ಎರಡು ರಾತ್ರಿ ಕಣ್ಣು ಮುಚ್ಚದೆ ಕಳೆದು ಗಿರಣಿಯಲ್ಲಿ ತೂಕಡಿಸಿ ಬೆರಳು ಜಜ್ಜಿಸಿಕೊಂಡಳು. ಮೂರನೇ ದಿನ ತನ್ನ ಹಾಸಿಗೆಗೇ ವಾಪಸು ಬಂದಳು. ಈಗ ನಾನು ಹನ್ನೊಂದರ ಕಿಟಕಿ ತಟ್ಟಿದರೆ ಗುಟ್ಟು ರಟ್ಟು. ಒಂಬತ್ತರದ್ದು ತಟ್ಟಿದರೆ ವಿನ್ನಿ ಏಳುವುದಿಲ್ಲ, ಗಿರಣಿಯ ಗೇಟು ಮುಚ್ಚುತ್ತದೆ, ಕೆಲಸವೂ ಹೋಗುತ್ತದೆ.

ಅದಕ್ಕೂ ಜಿಲ್ಲಾಳ ಬಳಿ ಮದ್ದಿತ್ತು. ನಮ್ಮ ಸಾಲುಮನೆಗಳಲ್ಲಿ ಎರಡು ಮನೆಯ ಒಲೆಗಳು ಬೆನ್ನಿಗೆ ಬೆನ್ನು ಕೊಟ್ಟು ಕೂತಿರುತ್ತವೆ. ನಡುವೆ ಒಂದೇ ಇಟ್ಟಿಗೆ ಗೋಡೆ. ಹೆರಿಗೆ ನೋವು ಬಂದರೆ, ಕಳ್ಳ ನುಗ್ಗಿದರೆ, ಸಕ್ಕರೆ ಮುಗಿದರೆ ಕೆಂಡ ಕೆದಕುವ ಸಲಾಕೆಯಿಂದ ಒಲೆಯ ಹಿಂಗೋಡೆಗೆ ಬಡಿಯುವುದು ನಮ್ಮ ಅಜ್ಜಿಯರ ಕಾಲದ ಪದ್ಧತಿ. ನಾನು ಒಂಬತ್ತರ ಕಿಟಕಿಗೆ ತಂತಿ ಆಡಿಸುವುದು, ಜಿಲ್ಲಾ ಎದ್ದು ಗೋಡೆಗೆ ಮೂರು ಸಲ ಬಡಿಯುವುದು, ಆಚೆಯಿಂದ ವಿನ್ನಿ ಒಂದು ಸಲ ಬಡಿಯುವುದು. ಆ ಒಂದು ಬಡಿತ ಕೇಳಿದ ಮೇಲೆ ಜಿಲ್ಲಾಳ ಕೈ ಕಿಟಕಿಯಲ್ಲಿ ಆಡುತ್ತಿತ್ತು. ನಾನು ಮುಂದಕ್ಕೆ ಹೋಗುತ್ತಿದ್ದೆ. ನನ್ನದೇನು, ಸ್ಲೇಟು ಎಲ್ಲಿದೆಯೋ ಅಲ್ಲಿ ತಟ್ಟುವುದು. ಬೆತೆಸ್ಡಾ ಪ್ರಾರ್ಥನಾಮಂದಿರದ ಎರಡನೇ ಬೆಂಚಿನಲ್ಲಿ ಕೂರುವವಳು ನಾನು, ಜನ್ಮದಲ್ಲಿ ಸುಳ್ಳು ಹೇಳಿದವಳಲ್ಲ. ಯಾರೂ ಕೇಳದೇ ಇರುವಾಗ ಸತ್ಯ ಹೇಳಿಕೊಂಡು ತಿರುಗುವ ಚಟವೂ ನನಗಿಲ್ಲ.

ಅದೇ ದಿನಗಳಲ್ಲಿ ಊರೆಲ್ಲ ಇದೇ ವಾದ. ಬಟ್ಟೆ ಒಗೆಯುವಲ್ಲಿ, ಮೀನಿನ ಅಂಗಡಿಯ ಸಾಲಿನಲ್ಲಿ, ಪ್ರಾರ್ಥನೆ ಮುಗಿಸಿ ಮೆಟ್ಟಿಲು ಇಳಿಯುವಾಗ ಅಳತೆಯದ್ದೇ ಮಾತು. ಪುರಸಭೆಯ ಹಿರಿಯ ಸದಸ್ಯ ಥಾಡಿಯಸ್ ಆರ್ಮರಾಡ್ ಸಾಹೇಬರು ಅಳತೆಯ ಕಡೆಯ ದೊಡ್ಡ ಗಂಟಲು. ಎರಡು ಗಿರಣಿಗಳಲ್ಲಿ ಅವರಿಗೆ ಪಾಲಿತ್ತು, ನಮ್ಮ ಮಂದಿರದಲ್ಲಿ ಮೊದಲ ಬೆಂಚು ಇತ್ತು. ಜನ ನೆರೆಮನೆಯಲ್ಲಿ ಬಾಡಿಗೆಯ ನಾಟಕವಾಡಿ ಖಜಾನೆ ಕೊಳ್ಳೆ ಹೊಡೆಯುತ್ತಿದ್ದಾರೆ ಎಂದು ಅವರು ಹೊಸ ನಿರ್ಣಯ ತಂದರು. ಒಂದೇ ಊರಿನಲ್ಲಿ ಬಾಡಿಗೆಗಿರುವ ಮಕ್ಕಳ ಕೂಲಿಯನ್ನೂ ಅಪ್ಪ ಅಮ್ಮನ ಲೆಕ್ಕಕ್ಕೇ ಹಿಡಿಯಬೇಕು ಎಂಬ ನಿರ್ಣಯ. ಎದುರು ನಿಂತವಳು ಕಾರ್ಮಿಕ ಪಕ್ಷದ ಸದಸ್ಯೆ ಹ್ಯಾನಾ ಶಾರ್ಪಲ್ಸ್. ಅವಳು ನೇಕಾರಳಾಗಿದ್ದಾಗ ಹನ್ನೆರಡು ವರ್ಷ ನಾನೇ ಎಬ್ಬಿಸಿದ್ದೇನೆ, ಒಂದು ತಟ್ಟಿಗೇ ಏಳುವ ಹೆಂಗಸು. ಗೆಲ್ಲುವುದು ಒಂದೆರಡು ಮತದಲ್ಲಿ ಎಂದು ಎಲ್ಲರಿಗೂ ಗೊತ್ತಿತ್ತು. ಸಾಹೇಬರಿಗೆ ಬೇಕಾದದ್ದು ಒಂದು ಕಳ್ಳಮಾಲು, ಸಭೆಯಲ್ಲಿ ಎತ್ತಿ ತೋರಿಸಲು.

ಹುಡುಕಲು ಹೊರಟವನು ಅಳತೆಯವನು, ಸೆಪ್ಟಿಮಸ್ ಗ್ರಿಂಡ್ರಾಡ್. ಮೂವತ್ತರ ಸಣಕಲ, ಯಾವಾಗಲೂ ಶೀತ, ಕಂಕುಳಲ್ಲಿ ಕಪ್ಪು ಪುಸ್ತಕ. ಇವನಪ್ಪ ಜೋನಸ್ ನೂಲು ಗಿರಣಿಯಲ್ಲಿದ್ದವನು, ಈಗ ಕಾಬ್ಡನ್ ಸಾಲಿನಲ್ಲಿ ಒಬ್ಬನೇ ಇದ್ದು ಭತ್ಯೆ ತೆಗೆದುಕೊಳ್ಳುತ್ತಿದ್ದ. ಪುರಸಭೆಯ ಕೆಲಸ ಸಿಕ್ಕಿದ ಮೇಲೆ ಮಗ ಬೋಲ್ಟನ್ ರಸ್ತೆಯ ಒಬ್ಬ ಒಡತಿಯ ಮನೆಯಲ್ಲಿ ಬಾಡಿಗೆಗೆ ಹೋದನೆಂದು ಊರಿಗೆ ಗೊತ್ತಿತ್ತು. ದೊಡ್ಡಸ್ತಿಕೆ ಬಂತು, ಅಪ್ಪನ ಮನೆ ಸಣ್ಣದಾಯಿತು ಎಂದು ನಾವೆಲ್ಲ ಮೂಗು ಮುರಿದಿದ್ದೆವು.

ಒಂದು ಗುರುವಾರ ಮಧ್ಯಾಹ್ನ ಈ ಗ್ರಿಂಡ್ರಾಡ್ ನನ್ನ ಬಾಗಿಲಿಗೇ ಬಂದ. ಬೆಳಿಗ್ಗೆ ಐದಕ್ಕೆ ಎಬ್ಬಿಸಬೇಕಂತೆ. ಪುರಸಭೆ ತೆಗೆಯುವುದು ಒಂಬತ್ತಕ್ಕೆ, ಐದಕ್ಕೆ ಎದ್ದು ಹಾಲು ಕರೆಯುತ್ತೀಯಾ ಎಂದು ಕೇಳಿದೆ. ಸರ್ಕಾರಿ ಕೆಲಸ ಎಂದು ಮೂಗೊರೆಸಿಕೊಂಡ. ನನಗೆ ಆಗಲೇ ಅರ್ಥವಾಯಿತು. ನನ್ನ ಬೆನ್ನ ಹಿಂದೆ ಬಂದು ನಾನು ಯಾವ ಕಿಟಕಿ ತಟ್ಟುತ್ತೇನೆ ಎಂದು ಬರೆದುಕೊಳ್ಳುವ ಹುನ್ನಾರ. ಆದರೆ ಅಷ್ಟು ಬೇಗ ಏಳುವುದು ಅವನ ಕೈಲಾಗದು. ಅಲಾರಂ ಗಡಿಯಾರ ಕೊಂಡಿದ್ದನಂತೆ, ಎರಡು ದಿನವೂ ಅದರ ತಲೆಯ ಮೇಲೆ ಕೈಯಿಟ್ಟು ಮಲಗಿದ್ದನಂತೆ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ನನ್ನ ಮೇಲೆ ಕಣ್ಣಿಡಬೇಕಾದರೂ ನಾನೇ ಎಬ್ಬಿಸಬೇಕು. ನಗು ಕೆನ್ನೆಯ ಒಳಗೇ ಕಚ್ಚಿಕೊಂಡು ವಿಳಾಸ ಕೇಳಿದೆ. ಬೋಲ್ಟನ್ ರಸ್ತೆ, ಇಪ್ಪತ್ತೆರಡು, ಮುಂದಿನ ಕಿಟಕಿ ಎಂದ.

ಶುಕ್ರವಾರ ಹೋದೆ, ತಟ್ಟಿದೆ. ಕೈ ಬರಲಿಲ್ಲ. ಹತ್ತು ನಿಮಿಷ ತಟ್ಟಿದೆ. ಕೊನೆಗೆ ಒಡತಿ ಪಕ್ಕದ ಕಿಟಕಿಯಿಂದ ತಲೆ ಹಾಕಿ, ಆ ಹಾಸಿಗೆಯಲ್ಲಿ ಮೇ ತಿಂಗಳಿಂದ ಬೆಕ್ಕು ಬಿಟ್ಟು ಯಾರೂ ಮಲಗಿಲ್ಲ, ಬೀದಿ ಎಬ್ಬಿಸಬೇಡ ಎಂದು ಬೈದು ಕಿಟಕಿ ಮುಚ್ಚಿದಳು. ಶನಿವಾರ ಮತ್ತೆ ಹೋದೆ. ನನ್ನ ಕಸುಬಿನ ಮರ್ಯಾದೆ, ದುಡ್ಡು ಹಿಡಿದ ಮೇಲೆ ಹೋಗಲೇಬೇಕು. ಆ ದಿನ ಒಡತಿ ತಣ್ಣೀರು ಸುರಿದಳು.

ಸೋಮವಾರ ಗ್ರಿಂಡ್ರಾಡ್ ಕೆಂಪಗಾಗಿ ಬಂದ. ಎರಡು ದಿನವೂ ಎಬ್ಬಿಸಲಿಲ್ಲ, ಇದೇನು ಮೋಸ ಎಂದು ಕೂಗಾಡಿದ. ನಾನು ಒದ್ದೆ ಶಾಲನ್ನು ಒಲೆಯ ಮುಂದೆ ಹರಡುತ್ತ ಸಮಾಧಾನವಾಗಿ ಹೇಳಿದೆ.

“ನೋಡಪ್ಪ ಸೆಪ್ಟಿ, ನಾನು ಎಬ್ಬಿಸೋದು ಮನೇನಲ್ಲ, ಮನುಷ್ಯನ್ನ. ಬಾಡಿಗೆ ಎಲ್ಲಿ ಕಟ್ತೀಯ ಅಂತ ನಾನು ಕೇಳ್ತಿಲ್ಲ. ಕೈ ಎಲ್ಲಿ ಮಲಗುತ್ತೆ ಹೇಳು, ಅಲ್ಲಿಗೆ ಬರ್ತೀನಿ.”

ಅವನ ಮುಖ ನೋಡಬೇಕಿತ್ತು. ಕಪ್ಪು ಪುಸ್ತಕವನ್ನು ಆ ಕಂಕುಳಿನಿಂದ ಈ ಕಂಕುಳಿಗೆ ಬದಲಾಯಿಸಿದ. ಬಾಗಿಲು ಮುಚ್ಚಿದೆಯೇ ಎಂದು ತಿರುಗಿ ನೋಡಿದ.

“ಕಾಬ್ಡನ್ ಸಾಲು. ನಾಲ್ಕನೇ ನಂಬರು,” ಎಂದ ಪಿಸುದನಿಯಲ್ಲಿ. “ಹಿಂದಿನ ಕಿಟಕಿ. ಸ್ಲೇಟು ಇಡಲ್ಲ.”

ಅದು ಜೋನಸ್‌ನ ಮನೆ. ಅಪ್ಪನಿಗೆ ಎದೆನೋವು, ಕೆಲವು ದಿನ ಮಾತ್ರ ಎಂದೇನೋ ಶುರುಮಾಡಿದ. ನಾನು ಕೇಳಲೇ ಇಲ್ಲವಲ್ಲ ಎಂದೆ. ಅವನು ಹೋದ ಮೇಲೆ ಕುರ್ಚಿಯಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಊರಿನ ಮಂಚಗಳನ್ನೆಲ್ಲ ಎಣಿಸುವವನು ತನ್ನ ಮಂಚವನ್ನೇ ಬೇರೆ ರಸ್ತೆಯಲ್ಲಿ ಬರೆಸಿದ್ದ. ನಕ್ಕು ಮುಗಿದ ಮೇಲೆ ಸ್ವಲ್ಪ ನಾಚಿಕೆಯೂ ಆಯಿತು. ನಾವು ಮೂಗು ಮುರಿದ ಹುಡುಗ ಅಪ್ಪನನ್ನು ಬಿಟ್ಟೇ ಹೋಗಿರಲಿಲ್ಲ.

ಆದರೂ ಅವನು ತನ್ನ ಕೆಲಸ ಬಿಡಲಿಲ್ಲ. ಮಂಗಳವಾರ ಐದಕ್ಕೆ ಕಾಬ್ಡನ್ ಸಾಲಿನ ಹಿಂದಿನ ಕಿಟಕಿ ತಟ್ಟಿದೆ, ಕೈ ಆಡಿತು. ಆರಕ್ಕೆ ನಾನು ಟೆಂಟರ್ ಬೀದಿ ಮುಟ್ಟುವ ಹೊತ್ತಿಗೆ ಅವನು ಎದುರಿನ ಸಂದಿಯಲ್ಲಿ ನಿಂತು ಸೀನುತ್ತಿದ್ದ. ನಾನು ಒಂಬತ್ತರ ಕಿಟಕಿ ತಟ್ಟಿದೆ. ಒಳಗೆ ಜಿಲ್ಲಾ ಮೂರು ಸಲ ಬಡಿದಳು. ಆಚೆಯಿಂದ ಒಂದು ಬಡಿತ. ಹೊರಗಿನವನಾಗಿದ್ದರೆ ಏನೋ ಸದ್ದು ಎಂದು ಸುಮ್ಮನಾಗುತ್ತಿದ್ದ. ಇವನು ಹ್ಯಾಸಲ್ಡನ್‌ನಲ್ಲಿ ಹುಟ್ಟಿದವನು, ಸಲಾಕೆಯ ಭಾಷೆ ತೊಟ್ಟಿಲಲ್ಲೇ ಕಲಿತವನು. ಪುಸ್ತಕ ತೆಗೆದು ಬರೆದುಕೊಂಡ.

ಬುಧವಾರ ಮಧ್ಯಾಹ್ನ ಪುರಸಭೆಯಿಂದ ನನಗೆ ಕರೆ ಬಂತು. ಶುಕ್ರವಾರದ ಸಭೆಯಲ್ಲಿ ಈನಕ್ ಪಿಲ್ಲಿಂಗ್‌ನ ಅರ್ಜಿಯ ಬಗ್ಗೆ ಸಾಕ್ಷಿ ಹೇಳಬೇಕು. ಜಿಲ್ಲಾ ಓಡಿಬಂದು ನನ್ನ ಎರಡೂ ಕೈ ಹಿಡಿದುಕೊಂಡಳು.

“ಒಂದೇ ಒಂದು ಸುಳ್ಳು ಕಣೇ ಕೆಜ್ಜಿ. ನನ್ನ ಮನೇಲಿ ಮಲಗ್ತಾಳೆ ಅಂದ್ಬಿಡು. ನಿನ್ನ ಬಾಯೇನು ಸವೆದುಹೋಗಲ್ಲ. ಇಲ್ಲಾಂದ್ರೆ ಶನಿವಾರ ಅವನು ಗುಡ್ಡ ಹತ್ತುತಾನೆ. ಗಂಟೂ ಕಟ್ಟಿಟ್ಟಿದ್ದಾನೆ, ನಾನೇ ನೋಡ್ದೆ.”

ನನಗೆ ಕೋಪ ಬಂತು. ಸುಳ್ಳು ಹೇಳಿಸುವವರ ಮೇಲೆ ಬಂತೋ, ಹೇಳಬೇಕಾದ ಗತಿ ತಂದವರ ಮೇಲೆ ಬಂತೋ ತಿಳಿಯಲಿಲ್ಲ. ಜಿಲ್ಲಾಳನ್ನು ಬೈದು ಕಳಿಸಿದೆ. ಎರಡು ದಿನ ಅನ್ನ ನೀರು ರುಚಿಸಲಿಲ್ಲ. ಈನಕ್ ನನ್ನ ಗಂಡನ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು, ಆಗಿನ್ನೂ ಇಪ್ಪತ್ತರ ಹುಡುಗ. ಆ ಹೆಗಲು ಈಗ ಕೋಟಿನೊಳಗೆ ಹ್ಯಾಂಗರಿನಂತೆ ಕಾಣುತ್ತಿತ್ತು.

ಶುಕ್ರವಾರ ಸಭಾಂಗಣ ಕಿಕ್ಕಿರಿದಿತ್ತು. ಮೇಲಿನ ಗ್ಯಾಲರಿಯಲ್ಲಿ ಕೆಲಸವಿಲ್ಲದ ಗಂಡಸರೆಲ್ಲ ಟೋಪಿ ಕೈಯಲ್ಲಿ ಹಿಡಿದು ಕೂತಿದ್ದರು. ಬೆಚ್ಚಗಿರುವ ಜಾಗ ಊರಲ್ಲಿ ಅದೊಂದೇ. ಕೊನೆಯ ಬೆಂಚಿನಲ್ಲಿ ಈನಕ್, ಪಕ್ಕದಲ್ಲಿ ಜಿಲ್ಲಾ. ವಿನ್ನಿ ಗಿರಣಿಯಲ್ಲಿದ್ದಳು.

ಆರ್ಮರಾಡ್ ಸಾಹೇಬರು ಮುಕ್ಕಾಲು ಗಂಟೆ ಮಾತಾಡಿದರು. ಕುಟುಂಬವೆನ್ನುವುದು ದೇವರೇ ಕಟ್ಟಿದ ಮೊದಲ ವಿಮೆ, ಮಗ ಅಪ್ಪನನ್ನು ನೋಡಿಕೊಳ್ಳುವುದು ಧರ್ಮ, ಅದನ್ನು ಸರ್ಕಾರ ಮಾಡತೊಡಗಿದರೆ ನಾಡಿನ ಬೆನ್ನೆಲುಬು ಕರಗಿಹೋಗುತ್ತದೆ ಎಂದರು. ಹೇಳುವುದೇನೋ ಚೆನ್ನಾಗಿ ಹೇಳುತ್ತಾರೆ. ನನಗೇ ಒಂದು ಕ್ಷಣ ಹೌದಲ್ಲವೇ ಎನಿಸಿತು. ಆಮೇಲೆ ಹ್ಯಾನಾ ಎದ್ದಳು. ಅಳತೆ ಬಂದು ವರ್ಷವಾಯಿತಷ್ಟೇ, ಈ ಊರಿನಲ್ಲಿ ಅರವತ್ತು ಮಕ್ಕಳು ಮನೆ ಬಿಟ್ಟಿದ್ದಾರೆ, ಕುಟುಂಬ ಉಳಿಸುತ್ತೇವೆ ಎಂದವರೇ ಕೊಡಲಿ ಹಿಡಿದಿದ್ದಾರೆ ಎಂದಳು. ಕೊನೆಗೆ ಮೆಲ್ಲಗೆ ಒಂದು ಪ್ರಶ್ನೆ ಕೇಳಿದಳು.

“ಸಾಹೇಬ್ರ ಮಗ ಸಮುದ್ರದ ಕಡೆ ಇದ್ದಾರಲ್ಲ, ಗಾಲ್ಫ್ ಆಡ್ಕೊಂಡು. ಅವರು ತಿಂಗಳಿಗೆ ಎಷ್ಟು ಕಳಿಸ್ತಾರೆ ಅಪ್ಪನಿಗೆ? ಅಥವಾ ಕಳಿಸೋದು ಅಪ್ಪನೋ?”

ಗ್ಯಾಲರಿ ನಕ್ಕಿತು. ಸಾಹೇಬರು ನಗಲಿಲ್ಲ. ವಾದ ಸಾಕು, ಇನ್ನು ಸಾಕ್ಷಿ ನೋಡೋಣ ಎಂದು ಗ್ರಿಂಡ್ರಾಡ್‌ಗೆ ಸನ್ನೆ ಮಾಡಿದರು. ಅವನು ಮೂಲೆಯ ಮೇಜಿನಲ್ಲಿ ಕಪ್ಪು ಪುಸ್ತಕ ಬಿಚ್ಚಿಕೊಂಡು ಕೂತಿದ್ದ. ಹನ್ನೊಂದನೇ ನಂಬರಿನ ವಿನಿಫ್ರೆಡ್ ಪಿಲ್ಲಿಂಗ್ ಬಾಡಿಗೆಗೆ ಹೋಗಿದ್ದೇನೆಂದು ಹೇಳಿ ಅಪ್ಪನ ಮನೆಯಲ್ಲೇ ಮಲಗುತ್ತಾಳೆಂದು ತಿಳಿದುಬಂದಿದೆ ಎಂದು ಸಾಹೇಬರೇ ಘೋಷಿಸಿ ನನ್ನನ್ನು ಮುಂದೆ ಕರೆದರು. ಈ ಹೆಂಗಸು ಬೆತೆಸ್ಡಾದಲ್ಲಿ ಮೂವತ್ತು ವರ್ಷದಿಂದ ನನ್ನ ಹಿಂದಿನ ಬೆಂಚಿನಲ್ಲಿ ಕೂರುತ್ತಾಳೆ, ಸುಳ್ಳಾಡುವವಳಲ್ಲ ಎಂದು ಸಭೆಗೆ ಹೊಗಳಿದರು.

“ಹೇಳಮ್ಮ ಕೆಜಾಯಾ. ಆ ಹುಡುಗಿ ಮಲಗೋದು ಯಾವ ಮನೇಲಿ? ಅಷ್ಟೇ ಸಾಕು.”

ನಾನು ಗ್ಯಾಲರಿಯತ್ತ ನೋಡಲಿಲ್ಲ. ನೋಡಿದ್ದರೆ ಸುಳ್ಳು ಹೇಳಿಬಿಡುತ್ತಿದ್ದೆ. ಗ್ರಿಂಡ್ರಾಡ್‌ನ ಮೂಗನ್ನು ನೋಡಿದೆ. ಆಗ ತಲೆಯಲ್ಲಿ ದೀಪ ಹತ್ತಿತು.

“ಹೇಳ್ತೀನಿ ಸಾಹೇಬ್ರೆ,” ಎಂದೆ. “ಆದ್ರೆ ನನ್ನ ಸುತ್ತು ಮೂವತ್ತೊಂದು ವರ್ಷದಿಂದ ಒಂದೇ ದಾರಿ. ನಡುವಿಂದ ಕೇಳಿದ್ರೆ ಗೊಂದಲ ಆಗುತ್ತೆ. ಮೊದಲ್ನಿಂದ ಹೇಳ್ತೀನಿ, ಯಾರ್ಯಾರು ಎಲ್ಲೆಲ್ಲಿ ಮಲಗ್ತಾರೆ ಅಂತ. ಎಲ್ಲರ ಹೆಸರೂ ಬರುತ್ತೆ, ಬರೆದ್ಕೊಳ್ಳೋರು ಬರೆದ್ಕೊಳ್ಳಲಿ.”

ಸರಿ, ಬೇಗ ಎಂದರು ಸಾಹೇಬರು.

“ಐದು ಗಂಟೆ. ಕಾಬ್ಡನ್ ಸಾಲು,” ಎಂದೆ. ಒಂದು ಉಸಿರಿನಷ್ಟು ನಿಂತೆ. “ಹಿಂದಿನ ಕಿಟಕಿ.”

ಮೂಲೆಯಲ್ಲಿ ಶಾಯಿಯ ಕುಡಿಕೆ ಮಗುಚಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಇವನು ಮುಟ್ಟಿಕೊಂಡದ್ದು ಮೂಗನ್ನು. ಎದ್ದು ನಿಂತೇಬಿಟ್ಟಿದ್ದ. ಅವನ ಮುಖ ಸುಣ್ಣವಾಗಿತ್ತು. ನನ್ನನ್ನು ನೋಡಿದ, ಗ್ಯಾಲರಿಯ ಕೊನೆಯ ಬೆಂಚಿನ ಈನಕ್‌ನನ್ನು ನೋಡಿದ. ಬೆದರಿಸಿದೆನಲ್ಲ ಪಾಪದವನನ್ನು ಎನಿಸಿತು. ನಿಜ ಹೇಳುತ್ತೇನೆ, ನಾಲ್ಕನೇ ನಂಬರು ಎನ್ನುವ ಮಾತು ಅವತ್ತು ನನ್ನ ಬಾಯಿಂದ ಬರುತ್ತಿರಲಿಲ್ಲ. ಆದರೆ ಅದು ಅವನಿಗೇನು ಗೊತ್ತು?

“ಸ್ವಾಮಿ, ಇಡೀ ಊರಿನ ಪಟ್ಟಿ ಬೇಕಿಲ್ಲ,” ಎಂದ ಗ್ರಿಂಡ್ರಾಡ್. “ನಾನೇ ಸ್ವತಃ ಮಂಗಳವಾರ ಬೆಳಿಗ್ಗೆ ಆರಕ್ಕೆ ಟೆಂಟರ್ ಬೀದೀಲಿ ನಿಂತು ನೋಡಿದೀನಿ. ಹುಡುಗಿ ಸ್ಲೇಟು ಇರೋದು ಒಂಬತ್ತನೇ ಮನೆ ಗೋಡೇಲಿ. ಕೋಲು ತಾಗಿದ್ದು ಒಂಬತ್ತನೇ ಮನೆ ಕಿಟಕಿಗೆ. ಕೈ ಆಡಿದ್ದೂ ಒಂಬತ್ತನೇ ಮನೆ ಕಿಟಕೀಲೇ. ಹನ್ನೊಂದಕ್ಕೆ ಕೋಲು ಮುಟ್ಟಲೇ ಇಲ್ಲ.”

ಗಮನವಿಟ್ಟು ಕೇಳಿ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ.

ಸಾಹೇಬರು ಬಾಯಿ ತೆರೆದುಕೊಂಡು ಅವನನ್ನೇ ನೋಡಿದರು. ಮೊನ್ನೆ ಬೇರೆ ಹೇಳಿದ್ದೆಯಲ್ಲ ಎಂದು ಗದರಿದರು. ಪುಸ್ತಕದಲ್ಲಿ ಸದ್ದಿನ ವಿಚಾರ ಏನೋ ಬರೆದಿದ್ದೆ, ಸದ್ದು ಸಾಕ್ಷಿಯಾಗದು, ಕಣ್ಣಿಗೆ ಕಂಡದ್ದು ಇದು ಎಂದ ಅವನು. ಹ್ಯಾನಾ ಮೇಜಿನ ಕೆಳಗೆ ಬಗ್ಗಿ ಬೂಟಿನ ದಾರ ಕಟ್ಟತೊಡಗಿದಳು, ನಗು ಮರೆಮಾಚಲು. ಸಾಹೇಬರ ಸಿಟ್ಟು ಅವನ ಮೇಲೇ ತಿರುಗಿತು.

“ನೀನು ಆರು ಗಂಟೆಗೆ ಬೀದೀಲಿದ್ದೆಯಾ? ಒಂಬತ್ತೂವರೆಗೆ ಕಣ್ಣುಜ್ಜಿಕೊಂಡು ಕಚೇರಿಗೆ ಬರೋನು? ನಿನ್ನನ್ನ ಎಬ್ಬಿಸಿದೋರು ಯಾರಯ್ಯ?”

ಗ್ಯಾಲರಿ ಹೋ ಎಂದು ನಕ್ಕಿತು. ಗ್ರಿಂಡ್ರಾಡ್ ಬೆರಳಿನಿಂದ ನನ್ನತ್ತ ತೋರಿಸಿದ, ಬೇರೆ ದಾರಿಯಿರಲಿಲ್ಲ. ಸಾಹೇಬರು ನನ್ನತ್ತ ತಿರುಗಿದರು. ಹೌದಾ, ಇವನನ್ನು ಎಬ್ಬಿಸಿದ್ದು ನೀನಾ, ಎಲ್ಲಿ ಎಂದು ಸುಮ್ಮನೆ, ಬಾಯಿಗೆ ಬಂದಂತೆ ಕೇಳಿದರು. ಅವರಿಗೆ ತಾವು ಏನು ಕೇಳಿದೆವೆಂದೇ ಗೊತ್ತಿರಲಿಲ್ಲ. ಆ ಹುಡುಗ ಕಣ್ಣು ಮುಚ್ಚಿಕೊಂಡ.

“ಮಲಗಿದ್ದ ಕಡೆ ಸಾಹೇಬ್ರೆ,” ಎಂದೆ. “ಎದ್ದಿರೋ ಕಡೆ ಹೋಗಿ ಎಬ್ಬಿಸಿದ್ರೆ ನನಗೆ ಯಾರು ದುಡ್ಡು ಕೊಡ್ತಾರೆ?”

ಆ ನಗೆಗೆ ಸಭಾಂಗಣದ ಗಾಜು ಅದುರಿತು. ಅಧ್ಯಕ್ಷರೂ ಕರವಸ್ತ್ರ ತೆಗೆದರು. ನಗು ಆರುವ ಮುಂಚೆಯೇ ಹ್ಯಾನಾ ಮತಕ್ಕೆ ಹಾಕಿಸಿದಳು. ಏಳು ಮತ ನಿರ್ಣಯದ ಪರ, ಎಂಟು ವಿರುದ್ಧ. ಅಳತೆಯೇನೂ ಹೋಗಲಿಲ್ಲ ಅನ್ನಿ, ಅದು ಲಂಡನ್ನಿನ ಕಾನೂನು, ನನ್ನ ಕೋಲು ಅಲ್ಲಿಯವರೆಗೆ ಎಟುಕುವುದಿಲ್ಲ. ಆದರೆ ಬಾಡಿಗೆಗಿರುವವರು ಬಾಡಿಗೆಗಿರುವವರೇ ಎಂದು ಹ್ಯಾಸಲ್ಡನ್ ಪುರಸಭೆಯ ಪುಸ್ತಕದಲ್ಲಿ ಬರೆದಾಯಿತು. ಈನಕ್‌ನ ಅರ್ಜಿ ಅಲ್ಲೇ ಮಂಜೂರಾಯಿತು.

ಮರುದಿನ ಐದಕ್ಕೆ ಕಾಬ್ಡನ್ ಸಾಲಿಗೆ ಹೋದೆ. ವಾರದ ದುಡ್ಡು ಮುಗಿದಿರಲಿಲ್ಲ. ತಂತಿ ಆಡಿಸಿದರೆ ಹಿಂದಿನ ಕಿಟಕಿಯಲ್ಲಿ ಎರಡು ಕೈ ಆಡಿದವು, ಒಂದು ಸಣಕಲು, ಇನ್ನೊಂದು ಮುದಿ. ಸೆಪ್ಟಿ ಕಿಟಕಿ ಎತ್ತಿ ತಲೆ ಹೊರಗೆ ಹಾಕಿದ.

“ನಾಲ್ಕು ಅನ್ನೋದು ಬಾಯಿ ತುದೀಲಿತ್ತಾ ಅಜ್ಜಿ, ನಿನ್ನೆ?”

“ನಂಗೆ ಮರೆವು ಜಾಸ್ತಿ ಕಣಪ್ಪ,” ಎಂದೆ. “ಕಿಟಕಿ ಮುಚ್ಚು, ಶೀತ ಆಗುತ್ತೆ.”

ಸುದ್ದಿ ಹಬ್ಬಲು ಎಷ್ಟು ಹೊತ್ತು? ಫೆಬ್ರವರಿಯ ಹೊತ್ತಿಗೆ ಟೆಂಟರ್ ಬೀದಿಯ ದುಡಿಯುವ ಮಕ್ಕಳೆಲ್ಲ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದರು. ಮೂರರ ಮಗ ಐದರಲ್ಲಿ, ಐದರ ಮಗಳು ಏಳರಲ್ಲಿ. ಸೆಪ್ಟಿ ತನ್ನ ದುಂಡನೆಯ ಅಕ್ಷರದಲ್ಲಿ ಎಲ್ಲವನ್ನೂ ಬರೆದುಕೊಂಡ, ಒಂದು ಸಲವೂ ತಲೆಯೆತ್ತಿ ನೋಡಲಿಲ್ಲ. ಬೆಳಿಗ್ಗೆ ಆರಕ್ಕೆ ಬೀದಿಯುದ್ದಕ್ಕೂ ಸಲಾಕೆಗಳ ಸದ್ದು ಕಮ್ಮಾರನ ಕುಲುಮೆಯಂತೆ ಏಳುತ್ತಿತ್ತು. ಟೆಂಟರ್ ಬೀದಿಯಲ್ಲಿ ದುಡಿಯುವ ಮಗನಾಗಲಿ ಮಗಳಾಗಲಿ ಒಬ್ಬರೂ ಹೆತ್ತವರ ಜೊತೆ ವಾಸಿಸುತ್ತಿಲ್ಲ ಎಂದು ಪುರಸಭೆಯ ಅಂಕಿಅಂಶ ಹೇಳಿತು. ಆರ್ಮರಾಡ್ ಸಾಹೇಬರು ಅದನ್ನು ಬೆತೆಸ್ಡಾದಲ್ಲಿ ಓದಿ, ದುಡಿಯುವ ಜನರಲ್ಲಿ ರಕ್ತಸಂಬಂಧ ಸತ್ತುಹೋಯಿತಲ್ಲ ಎಂದು ಕಣ್ಣೊರೆಸಿಕೊಂಡರು. ಎರಡನೇ ಬೆಂಚಿನಲ್ಲಿ ಕೂತು ನಾನೂ ಕಣ್ಣೊರೆಸಿಕೊಂಡೆ, ನಗು ತಡೆದೂ ತಡೆದೂ ನೀರು ಬಂದಿತ್ತು.

ಈನಕ್‌ನ ಕತೆ ಮಾತ್ರ ಇನ್ನೂ ಬಾಕಿ. ಭತ್ಯೆ ಕೈಗೆ ಬಂದ ಮೊದಲ ಶುಕ್ರವಾರ ಅವನು ತಾನೇ ಹೋಗಿ ಕುರಿಯ ಕುತ್ತಿಗೆಯ ಮಾಂಸ, ಆಲೂಗಡ್ಡೆ, ಈರುಳ್ಳಿ ತಂದ. ತಂದು ಮೇಜಿನ ಮೇಲಿಟ್ಟು, ಇದು ನನ್ನದು ಎಂದನಂತೆ. ಸಂಜೆ ನನ್ನನ್ನೂ ಜಿಲ್ಲಾಳನ್ನೂ ಊಟಕ್ಕೆ ಕರೆದಿದ್ದ. ವಿನ್ನಿ ಒಲೆಯಿಂದ ಮಡಕೆ ಇಳಿಸಿ ಎಲ್ಲರಿಗೂ ಬಡಿಸಿದಳು. ಗೋಡೆಯ ಮೊಳೆಯಲ್ಲಿ ಅವನ ಟೋಪಿ ನೇತಾಡುತ್ತಿತ್ತು. ಬಾಗಿಲ ಹಿಂದೆ ಗುಡ್ಡಕ್ಕೆಂದು ಕಟ್ಟಿದ ಗಂಟು ಬಿಚ್ಚದೆ ಹಾಗೇ ಇತ್ತು. ನಾವು ಮೂವರೂ ಅದನ್ನೇ ನೋಡುತ್ತ, ನೋಡದವರ ಹಾಗೆ ತಿನ್ನುತ್ತಿದ್ದೆವು.

ಈನಕ್ ತಟ್ಟೆ ಮುಗಿಸಿದ. ಬ್ರೆಡ್ಡಿನಿಂದ ತಟ್ಟೆ ಒರೆಸಿದ. ಆಮೇಲೆ ತಟ್ಟೆಯನ್ನು ಮಗಳ ಮುಂದೆ ಸರಿಸಿದ.

“ಇನ್ನೊಂಚೂರು ಹಾಕು,” ಎಂದ.

ವಿನ್ನಿ ಸೌಟು ಹಿಡಿದುಕೊಂಡು ನಿಂತೇ ಇದ್ದಳು. ಜಿಲ್ಲಾ ಸೌಟು ಕಿತ್ತುಕೊಂಡು, ಬಾಡಿಗೆಯವಳು ಬಡಿಸುವ ಹಾಗಿಲ್ಲ ಕಣೇ, ಕಾನೂನು ಗೊತ್ತಿಲ್ಲವಾ ಎಂದು ಗದರಿ ಈನಕ್‌ನ ತಟ್ಟೆ ತುಂಬಿಸಿದಳು. ಅವನು ತಲೆತಗ್ಗಿಸಿ ತಿನ್ನತೊಡಗಿದ. ನನಗೆ ಮತ್ತೆ ಕಣ್ಣಲ್ಲಿ ನೀರು ಬಂತು. ಈ ಸಲ ನಗು ಎಂದು ಹೇಳುವಂತಿರಲಿಲ್ಲ. ಮಡಕೆಯಲ್ಲಿ ಈರುಳ್ಳಿ ಜಾಸ್ತಿಯಾಗಿದೆ ಎಂದು ವಿನ್ನಿಯನ್ನು ಬೈದೆ.